ನಾಲಿಗೆಯ ಕೆಳಗೆ ಎರಡು ನಿಮಿಷ, ಬೆಂಚಿನ ಮೇಲೆ ಅರ್ಧ ಗಂಟೆ

ಬಾಡಿಗೆ ಮನೆ ನೋಡಲೆಂದು ಶಿರಸಿಯಲ್ಲಿ ನಾನು ತಟ್ಟಿದ ಮೊದಲ ಬಾಗಿಲನ್ನು ತೆರೆದ ಹೆಂಗಸು ನನ್ನೊಡನೆ ಮಾತಾಡಲಿಲ್ಲ. ಅರವತ್ತು ದಾಟಿದವರು. ತುಟಿಗಳನ್ನು ಹೊಲಿದಂತೆ ಬಿಗಿಹಿಡಿದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಎರಡು ಬೆರಳು ಎತ್ತಿ ತೋರಿಸಿ, ಗೋಡೆಯ ಗಡಿಯಾರದ ಕಡೆ ತಿರುಗಿ ನಿಂತುಬಿಟ್ಟರು.

ನಮ್ಮ ಬೀಳಗಿಯಲ್ಲಿ ಬಾಗಿಲು ತೆರೆಯುವ ಮೊದಲೇ ಒಳಗಿನಿಂದ "ಬರ್ರಿ, ಬರ್ರಿ" ಎಂಬ ಮಾತು ಹೊರಬರುತ್ತದೆ. ಬಂದವರು ಯಾರೆಂದು ಆಮೇಲೆ ನೋಡುತ್ತಾರೆ. ಇಲ್ಲಿ ಎರಡು ಬೆರಳು. ಎರಡನೆಯ ಮಹಡಿ ಎಂದೇ, ಇಬ್ಬರಿದ್ದರೆ ಮಾತ್ರ ಮನೆ ಎಂದೇ, ಎರಡು ದಿನ ಬಿಟ್ಟು ಬಾ ಎಂದೇ? ಏನೂ ತೋಚದೆ ನಾನೂ ಎರಡು ಬೆರಳು ಎತ್ತಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಹೀಗೆ ಇಬ್ಬರೂ ಬೆರಳು ಎತ್ತಿಕೊಂಡು ಗಡಿಯಾರ ನೋಡುತ್ತ ನಿಂತಿದ್ದಾಗ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ನೋಡಿ, ಏನೋ ವ್ರತವಿರಬೇಕೆಂದು ಮುಂದೆ ಹೋದರು.

ಆಮೇಲೆ ಆ ಹೆಂಗಸು ಗುಟುಕೆಂದು ಏನನ್ನೋ ನುಂಗಿದರು. "ಬೇಜಾರು ಮಾಡ್ಕಳಡಿ ಹಾಂ, ನಾಲಿಗೆ ಕೆಳಗೆ ಔಷಧಿ ಇತ್ತು. ಎರಡು ನಿಮಿಷ ಬಾಯಿ ತೆಗೆಯೋ ಹಾಗಿಲ್ಲ. ಒಳಗೆ ಬನ್ನಿ. ಆಸ್ರಿಗೆ ಎಂತ ಕುಡೀತ್ರಿ?" ಎಂದರು. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ಅವರ ಬಾಯಿ ಮುಚ್ಚಲಿಲ್ಲ. ಮನೆ ನನಗೆ ಸಿಕ್ಕಿತು.

ಅವರೇ ಸುಶೀಲಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಜೀವಮಾನ ಹಲೋ ಎಂದು ನಿವೃತ್ತರಾದವರು. ಅಂಥವರಿಗೆ ದಿನಾ ಎರಡು ನಿಮಿಷದ ಮೌನ ಎಷ್ಟು ಕಷ್ಟವೆಂದು ಆಮೇಲೆ ತಿಳಿಯಿತು. 'ಆಸ್ರಿ' ಎಂದರೆ ಬಾಯಾರಿಕೆಗೆ ಕೊಡುವುದು. ನೀರು, ಬೆಲ್ಲ, ಮಜ್ಜಿಗೆ, ಕಷಾಯ, ಯಾವುದೂ ಆಗಬಹುದು. ಈ ಊರಿನಲ್ಲಿ ಯಾರ ಮನೆಗೆ ಕಾಲಿಟ್ಟರೂ ಮೊದಲು ಕೇಳುವುದು ಅದನ್ನೇ, ಹೆಸರು ಕೇಳುವುದು ಎರಡನೆಯದು. ಊರು ಕೇಳಿದರೆ ನನ್ನ ಕಷ್ಟ ಶುರುವಾಗುತ್ತಿತ್ತು. ಬೀಳಗಿ ಎಂದರೆ "ಓ, ಇಲ್ಲೇ ಸಿದ್ದಾಪುರದ ಹತ್ರ ಅಲ್ದಾ" ಎನ್ನುತ್ತಿದ್ದರು. ಸಿದ್ದಾಪುರ ತಾಲೂಕಿನಲ್ಲಿ ಬಿಳಗಿ ಎಂಬ ಹಳೆಯ ರಾಜಧಾನಿಯೊಂದಿದೆ. ಅದಲ್ಲ, ಬಾಗಲಕೋಟೆಯ ಕಡೆಯದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅಲ್ಲಿಯ ನಾಲ್ಕು ಮನೆತನಗಳ ಕ್ಷೇಮ ಕೇಳಿ ಮುಗಿಸಿರುತ್ತಿದ್ದರು. ಕೊನೆಗೆ ನಾನು ಎಲ್ಲರೂ ಕ್ಷೇಮ ಎಂದು ಹೇಳುವುದನ್ನು ಕಲಿತೆ.

ನಾನು ಬಂದದ್ದು ಕಣ್ಣು ಪರೀಕ್ಷಿಸುವ ಕೆಲಸಕ್ಕೆ. ಹುಬ್ಬಳ್ಳಿಯ ಒಂದು ಕನ್ನಡಕದ ಅಂಗಡಿಯವರು ಶಿರಸಿಯಲ್ಲಿ ಶಾಖೆ ತೆರೆದು, ಒಂದು ವರ್ಷ ನೋಡೋಣ ಎಂದು ನನ್ನನ್ನು ಕಳಿಸಿದ್ದರು. ಸೋಮವಾರ ಯಲ್ಲಾಪುರ, ಶುಕ್ರವಾರ ಸಿದ್ದಾಪುರ, ಉಳಿದ ದಿನ ಶಿರಸಿ. ಹೊರಡುವಾಗ ಊರವರೆಲ್ಲ ಒಂದೇ ಮಾತು ಹೇಳಿದ್ದರು. "ಅಲ್ಲಿ ಗಾಳಿ ಭಾಳ ಶುದ್ಧ ನೋಡವಾ. ಇಲ್ಲಿ ಧೂಳ ಕುಡದು ಕುಡದು ಸಾಕಾಗೇತಿ." ನಮ್ಮೂರಿನ ಧೂಳೆಂದರೆ ಲಾರಿ ಹೋದ ಮೇಲೆ ಎದುರುಮನೆ ಕಾಣಲು ಸ್ವಲ್ಪ ಹೊತ್ತು ಕಾಯಬೇಕು. ಅಂಥ ಧೂಳಿನಲ್ಲಿ ಮೂವತ್ತನಾಲ್ಕು ವರ್ಷ ಒಂದು ಸಲವೂ ಸೀನದ ನಾನು ಶುದ್ಧ ಗಾಳಿಯ ಊರಿಗೆ ಬಂದು, ಮಳೆ ನಿಂತು ಹುಲ್ಲು ತೆನೆಬಿಟ್ಟ ವಾರದಲ್ಲಿ ಸೀನಲು ಶುರುಮಾಡಿದೆ.

ಒಂದೆರಡಲ್ಲ. ಬೆಳಿಗ್ಗೆ ಹದಿನೈದು. ಕಣ್ಣು ಕೆಂಡ. ಅಂಗಡಿಯಲ್ಲಿ ಗಿರಾಕಿಯನ್ನು ಕೂರಿಸಿ, ಮಸೂರ ಬದಲಿಸುತ್ತ, "ಇದು ಚಲೋ ಕಾಣತೈತೋ, ಇದೋ?" ಎಂದು ಕೇಳುವ ನನಗೇ ಗೋಡೆಯ ಮೇಲಿನ ಅಕ್ಷರಗಳು ನೀರಿನಲ್ಲಿ ತೇಲುತ್ತಿದ್ದವು. ಯಲ್ಲಾಪುರದಲ್ಲಿ ಒಬ್ಬ ಅಜ್ಜ ಎದ್ದು ನಿಂತು, "ಅಕ್ಕೋರೆ, ನೀವೇ ಮೊದಲು ಕೂತ್ಕಳಿ, ನಂಗೆ ಅವಸರ ಇಲ್ಲ" ಎಂದು ಕುರ್ಚಿ ಬಿಟ್ಟುಕೊಟ್ಟರು. ಅಕ್ಕೋರು ಎಂದರೆ ಇಲ್ಲಿ ಶಾಲೆಯ ಟೀಚರು. ಗೋಡೆಯ ಅಕ್ಷರಕ್ಕೆ ಕೋಲು ಹಿಡಿದು ಓದಿಸುವವಳಾದ್ದರಿಂದ ನನಗೂ ಅದೇ ಹೆಸರು ಬಿತ್ತು. ಎರಡನೆಯ ತಿಂಗಳಿಗೆ ಎದೆಯಲ್ಲಿ ಸಿಳ್ಳೆ ಕೇಳತೊಡಗಿತು. ನಮ್ಮ ಕಡೆ ದಮ್ಮು ಎನ್ನುವುದನ್ನು ಇಲ್ಲಿ ಉಬ್ಬಸ ಎನ್ನುತ್ತಾರೆ. ಹೆಸರು ಬದಲಾದರೂ ಮೆಟ್ಟಿಲು ಹತ್ತುವುದು ಅಷ್ಟೇ ಕಷ್ಟ.

ಊಟದ ಕಥೆ ಬೇರೆ. ಮೂರು ಹೊತ್ತು ಅಕ್ಕಿಯದನ್ನೇ ತಿಂದು ನನಗೆ ಊಟ ಮಾಡಿದ್ದೇ ನೆನಪಿರುತ್ತಿರಲಿಲ್ಲ. ಸುಶೀಲಕ್ಕನ ತಂಬುಳಿ, ಅಂದರೆ ಮಜ್ಜಿಗೆಯಲ್ಲಿ ಅರೆದ ಸೊಪ್ಪು, ಮೊದಲ ದಿನ ಔಷಧಿಯಂತೆ ಕುಡಿದೆ. ನಾಲ್ಕನೆಯ ವಾರ ನಾನಾಗಿಯೇ ಎರಡನೆಯ ಸಲ ಕೇಳಿದೆ. ಬದಲಿಗೆ ನಾನು ರೊಟ್ಟಿ ತಟ್ಟಿ ಕೊಟ್ಟೆ. ನಾನು ಅದನ್ನು ಬಡಿಯುವ ಸದ್ದಿಗೇ ಅವರು ಹೆದರಿ, "ಮೇಲಿನ ಮನೇಲಿ ಎಂತದೋ ರಿಪೇರಿ ನಡೀತಾ ಇದ್ದು" ಎಂದು ಅಣ್ಣನಿಗೆ ಫೋನ್ ಮಾಡಿದ್ದರು.

ಅಣ್ಣ ಎಂದರೆ ಹುಲೇಕಲ್ಲಿನ ಗಣಪಣ್ಣ, ಸುಶೀಲಕ್ಕನಿಗಿಂತ ನಾಲ್ಕು ವರ್ಷ ದೊಡ್ಡವರು. ಪ್ರತಿ ಬುಧವಾರ ಬೆಳಗಿನ ಬಸ್ಸಿಗೆ ಬಂದು, ತಂಗಿಯ ಮನೆಯಲ್ಲಿ ಕಷಾಯ ಕುಡಿದು, ಅಲರ್ಜಿ ಡಾಕ್ಟರ ಬಳಿ ತೋಳಿಗೆ ಚುಚ್ಚಿಸಿಕೊಂಡು, ಮತ್ತೆ ತಂಗಿಯ ಮನೆಯಲ್ಲಿ ಉಂಡು ಹೋಗುತ್ತಾರೆ. ಇಬ್ಬರೂ ಬೇಣದ ಅಂಚಿನಲ್ಲಿ ಬೆಳೆದವರು. ಬೇಣ ಎಂದರೆ ಹುಲ್ಲಿಗಾಗಿ ಬಿಟ್ಟ ಗುಡ್ಡದ ಇಳಿಜಾರು. ಇಬ್ಬರಿಗೂ ಅದೇ ಹುಲ್ಲಿನ ಪರಾಗದ ಅಲರ್ಜಿ, ಅದೇ ಉಬ್ಬಸ. ಒಬ್ಬರೇ ಡಾಕ್ಟರು. ಆದರೆ ತಂಗಿಯದು ಹನಿಯ ದಾರಿ, ಅಣ್ಣನದು ಸೂಜಿಯ ದಾರಿ.

"ನಿನ್ನದು ಔಷಧಿಯನೇ? ಮಾವಿನಕಾಯಿ ಚೀಪಿದಾಂಗೆ ದಿನಾ ಬಾಯಲ್ಲಿ ಇಟ್ಗಂಡು ಕೂತ್ಗಳದು," ಎನ್ನುತ್ತಿದ್ದರು ಅಣ್ಣ.

"ನಿಂದು ಮತ್ತೆ? ವಾರಕ್ಕೊಂದು ಸಲ ಬಸ್ಸು ಹತ್ತಿ ಬಂದು ಚುಚ್ಚಿಸ್ಕಂಡು ಹೋಗದು. ಎತ್ತಿಗೂ ವರ್ಷಕ್ಕೆ ಎರಡೇ ಸಲ ಚುಚ್ತ."

"ಎತ್ತು ತಾಳಮದ್ದಲೇಲಿ ಅರ್ಥ ಹೇಳ್ತಿಲ್ಲೆ. ಎಂಗೆ ಬಾಯಿ ಬೇಕು. ಎರಡು ನಿಮಿಷ ಮುಚ್ಚಿರು ಹೇಳಿರೆ ಆನು ಹೋಗ್ತೆ, ಈ ಲೋಕ ಬಿಟ್ಟು." ಅವರ ಮನೆಮಾತಿನಲ್ಲಿ ಆನು ಎಂದರೆ ನಾನು, ಎಂಗೆ ಎಂದರೆ ನನಗೆ.

ಇಲ್ಲಿ ತಾಳಮದ್ದಲೆಯ ವಿಷಯ ಹೇಳಬೇಕು, ಏಕೆಂದರೆ ಆಮೇಲಿನ ಅನಾಹುತಕ್ಕೆಲ್ಲ ಅದೇ ಮೂಲ. ನಮ್ಮ ಕಡೆಯ ದೊಡ್ಡಾಟದಲ್ಲಿ ರಾಜನೆಂದರೆ ಕಿರೀಟ, ಭುಜಕೀರ್ತಿ, ಹಲಗೆ ಮುರಿಯುವಷ್ಟು ಕುಣಿತ. ತಾಳಮದ್ದಲೆಯಲ್ಲಿ ಇದೊಂದೂ ಇಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಲೆ ನುಡಿಯುತ್ತದೆ, ಆಮೇಲೆ ಪಂಚೆ ಶರ್ಟಿನ ನಾಲ್ಕು ಗಂಡಸರು ಚಾಪೆಯ ಮೇಲೆ ಎದುರುಬದುರು ಕೂತು ಪುರಾಣದ ರಾಜರಾಗಿ ವಾದಿಸುತ್ತಾರೆ. ಆ ವಾದಕ್ಕೆ ಅರ್ಥ ಹೇಳುವುದು ಎಂದು ಹೆಸರು. ಮಾತನ್ನು ಯಾರೂ ಬರೆದುಕೊಂಡು ಬಂದಿರುವುದಿಲ್ಲ. ಭೈರುಂಬೆಯಲ್ಲಿ ಒಂದು ಮಧ್ಯಾಹ್ನ ಸುಶೀಲಕ್ಕ ನನ್ನನ್ನು ಕರೆದುಕೊಂಡು ಹೋದಾಗ, ಅರ್ಧ ಗಂಟೆಯಾದ ಮೇಲೆ ನಾನು "ಆಟ ಯಾವಾಗ ಶುರುವಾಗತೈತ್ರಿ?" ಎಂದು ಕೇಳಿದ್ದೆ. ಪಕ್ಕದಲ್ಲಿದ್ದವರು ಒಂದು ಗೇಣು ಸರಿದು ಕೂತರು.

ಸುಶೀಲಕ್ಕ ಸಿಟ್ಟಾಗಲಿಲ್ಲ, ಪಾಠ ಮಾಡಿದರು. "ದೊಡ್ಡಕೆ ಕೂಗದು ಯಾರಿಗೆ ಬೇಕಾದ್ರೂ ಬತ್ತು ಅಕ್ಕೋರೆ. ಧ್ವನಿ ಸಣ್ಣ ಮಾಡಿ ಸಭೆ ಹಿಡಿಯದು ಕಷ್ಟ. ಅಣ್ಣ ಸೋಲುವ ರಾಜನ ಅರ್ಥ ಹೇಳುವಾಗ ನೋಡಿ, ಉಸಿರೇ ಮಾತಾಡ್ತು." ನಾಲ್ಕನೆಯ ತಾಳಮದ್ದಲೆಯ ಹೊತ್ತಿಗೆ ನನಗೆ ಬೆಳಕಾಯಿತು. ಗಣಪಣ್ಣ ಒಬ್ಬ ಸಾಯುವ ರಾಜನಾಗಿ ಧ್ವನಿಯನ್ನು ತಗ್ಗಿಸಿ, ತಗ್ಗಿಸಿ, ಬರಿಯ ಉಸಿರಿಗೆ ತಂದು ನಿಲ್ಲಿಸಿದಾಗ ನಾನೇ ಎಲ್ಲರಿಗಿಂತ ಮೊದಲು ತಲೆದೂಗಿದೆ. ಸರಿದು ಕೂತಿದ್ದವರು ಮತ್ತೆ ಹತ್ತಿರ ಬಂದರು. ಅವತ್ತು ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿ, ಈ ಊರು ನನಗೆ ತಿಳಿಯಿತು ಎಂದು ಹೇಳಿದೆ. ಆ ಮಾತನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಸೀನು ನಿಲ್ಲದ್ದಕ್ಕೆ ಸುಶೀಲಕ್ಕನೇ ನನ್ನನ್ನು ಅವರ ಡಾಕ್ಟರ ಬಳಿ ಕರೆದೊಯ್ದರು. ಬುಧವಾರ ಮಾತ್ರ ಹೊರಗಿನಿಂದ ಬರುವ, ನನ್ನದೇ ವಯಸ್ಸಿನ ಹೆಣ್ಣುಮಗಳು. ನನ್ನ ಮುಂಗೈ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ನಂಬರು ಹಾಕಿ, ಒಂದೊಂದು ನಂಬರಿನ ಬಳಿ ಒಂದೊಂದು ಹನಿ ಇಟ್ಟು ಸೂಜಿಯಿಂದ ಮುಟ್ಟಿದರು. ಕಾಲು ಗಂಟೆಯಲ್ಲಿ ಹುಲ್ಲಿನ ಪರಾಗದ ಮೂರು ನಂಬರು ಸೊಳ್ಳೆ ಕಚ್ಚಿದಂತೆ ಎದ್ದು ನಿಂತವು. ನಮ್ಮೂರಿನ ಧೂಳಿನ ನಂಬರು ತಣ್ಣಗೆ ಮಲಗಿತ್ತು. ನನಗೆ ವಿಚಿತ್ರವಾದ ಅಭಿಮಾನವಾಯಿತು.

"ಯಾವುದರಿಂದ ಸೀನು ಬರುತ್ತೋ ಅದನ್ನೇ ಚೂರು ಚೂರು ಕೊಟ್ಟು ದೇಹಕ್ಕೆ ರೂಢಿ ಮಾಡಿಸೋದು ಈ ಚಿಕಿತ್ಸೆ," ಎಂದರು ಡಾಕ್ಟರು. "ಎರಡು ದಾರಿ ಇವೆ. ಎರಡೂ ಕೆಲಸ ಮಾಡ್ತವೆ. ಚುಚ್ಚುಮದ್ದು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಪ್ರತಿ ಸಲ ಇಲ್ಲೇ ಅರ್ಧ ಗಂಟೆ ಕೂರಬೇಕು. ಅಪರೂಪಕ್ಕೆ ಮೈಗೆಲ್ಲ ಅಲರ್ಜಿ ಏಳಬಹುದು, ಗಂಟಲು ಬಿಗಿಯಬಹುದು, ಅದಕ್ಕೇ ಆ ಅರ್ಧ ಗಂಟೆ. ಹನಿಯಲ್ಲಿ ಅಂಥ ಅಪಾಯ ಇನ್ನೂ ಕಡಿಮೆ, ಬಾಯಿ ತುರಿಸಬಹುದು ಅಷ್ಟೆ. ಆದರೆ ದಿನಾ ತಗೋಬೇಕು. ಮರೆತು ಮರೆತು ತಗೊಂಡರೆ ಉಪಯೋಗ ಇಲ್ಲ. ಯಾವುದೇ ಆದರೂ ಮೊದಲು ಉಬ್ಬಸ ಹತೋಟಿಯಲ್ಲಿರಬೇಕು. ಮತ್ತೆ, ಮೂರು ವರ್ಷವಾದರೂ ಬೇಕು. ಇರ್ತೀರಾ ಮೂರು ವರ್ಷ ಇಲ್ಲಿ?"

ಅಂಗಡಿಯವರು ನನಗೆ ಹೇಳಿದ್ದು ಒಂದು ವರ್ಷ. ನನ್ನ ಪೆಟ್ಟಿಗೆಯಲ್ಲಿ ಅರ್ಧ ಬಟ್ಟೆ ಇನ್ನೂ ಮಡಿಚಿಟ್ಟಂತೆಯೇ ಇತ್ತು. "ಇರತೀನ್ರಿ," ಎಂದುಬಿಟ್ಟೆ. ಮೊದಲು ಸೇದುವ ಔಷಧಿಯಿಂದ ನನ್ನ ಎದೆಯ ಸಿಳ್ಳೆ ನಿಲ್ಲಿಸಿ, ಆಮೇಲೆ ದಾರಿ ಆರಿಸಿಕೊಂಡು ಬರಲು ಡಾಕ್ಟರು ಹೇಳಿದರು.

ಆರಿಸುವುದು ನನಗೆ ಬಿಟ್ಟದ್ದೇ ತಡ, ಮನೆಯಲ್ಲಿ ಚುನಾವಣೆ ಶುರುವಾಯಿತು. ಸುಶೀಲಕ್ಕ ಬೆಳಿಗ್ಗೆ ಹನಿ ಇಟ್ಟುಕೊಂಡು ನನ್ನ ಮನೆಗೇ ಮೆಟ್ಟಿಲು ಹತ್ತಿ ಬಂದು, ಎಷ್ಟು ಸುಲಭ ನೋಡಿ ಎಂಬಂತೆ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದರು. ಈ ಹನಿಗಾಗಿ ಅವರು ಬೆಳಗಿನ ಕವಳವನ್ನೂ, ಅಂದರೆ ಎಲೆ ಅಡಿಕೆಯನ್ನೂ, ಮುಂದೂಡಿದ್ದರು. ಎರಡು ವರ್ಷದಲ್ಲಿ ಒಂದು ದಿನವೂ ಆ ಎರಡು ನಿಮಿಷ ಮುರಿದಿಲ್ಲವೆಂಬುದು ಅವರ ಹೆಮ್ಮೆ. ಒಮ್ಮೆ ಗ್ಯಾಸಿನ ಮೇಲೆ ಹಾಲು ಉಕ್ಕಿ ಹರಿದರೂ ಬಾಯಿ ತೆರೆಯಲಿಲ್ಲವಂತೆ. ಹಾಲಿಗೂ ಬಾಯಿಗೂ ಏನು ಸಂಬಂಧ ಎಂದರೆ, "ಹಾಲು ಉಕ್ಕಿದ್ರೆ ಆನು ಕೂಗದೆ ಇಪ್ಪಲೆ ಆಗ್ತಿಲ್ಲೆ" ಎನ್ನುತ್ತಿದ್ದರು.

ಎದೆಯ ಸಿಳ್ಳೆ ನಿಂತ ಮೇಲೆ ಬಂದ ಬುಧವಾರ ನಾನು ನನ್ನ ತೀರ್ಮಾನ ಹೇಳಬೇಕಿತ್ತು. ಮೂವರೂ ಹೋದೆವು. ಸುಶೀಲಕ್ಕನಿಗೆ ಹೊಸ ಬಾಟಲಿ ಶುರುವಾಗುವುದಿತ್ತು. ಹೊಸ ಬಾಟಲಿಯ ಮೊದಲ ಹನಿಯನ್ನು ಅಲ್ಲೇ, ತಮ್ಮ ಕಣ್ಣೆದುರೇ ತೆಗೆದುಕೊಳ್ಳಬೇಕೆಂಬುದು ಆ ಡಾಕ್ಟರ ನಿಯಮ. ಗಣಪಣ್ಣನನ್ನು ಮೊದಲು ಒಳಗೆ ಕರೆದರು. ಉಬ್ಬಸ ಏನಾದರೂ ಇತ್ತೇ ಎಂದು ಕೇಳಿದ್ದು ನನಗೂ ಕೇಳಿಸಿತು. "ಇಲ್ಲೆ, ಇಲ್ಲೆ, ಆರಾಮು" ಎಂದರು. ಉಸಿರಿನ ಬಲ ಅಳೆಯುವ ಕೊಳವೆಗೆ ಊದಿದರು. ಅರ್ಥ ಹೇಳಿ ಪಳಗಿದ ಎದೆ, ಮುಳ್ಳು ಜಿಗಿದು ಎಂದಿನ ಜಾಗಕ್ಕೆ ಹೋಯಿತಂತೆ. ಚುಚ್ಚಿಸಿಕೊಂಡು, ತೋಳಿನ ಬಟನ್ ಹಾಕುತ್ತ ಹೊರಬಂದು ಬೆಂಚಿನ ಮೇಲೆ ಕೂತರು. ಸಿಸ್ಟರ್ ಫಿಲೋಮಿನಾ ಮೇಜಿನ ಮೇಲೆ ಅಲಾರಾಂ ಗಡಿಯಾರ ಇಟ್ಟು, "ಅರ್ಧ ಗಂಟೆ ಬಾಯಿ ಮುಚ್ಕೊಂಡು ಕೂತ್ಕೊಳಿ ಭಟ್ರೆ" ಎಂದು ಒಳಗೆ ಹೋದರು.

ಬಾಯಿ ಮುಚ್ಚುವ ಮಾತನ್ನು ಅವರಿಗೆ ಹೇಳಬಾರದಿತ್ತು.

"ಅಕ್ಕೋರೆ," ಎಂದರು, "ನೀವು ಯಾರ ಪಕ್ಷ? ಇವತ್ತು ಸಭೆ ಇದ್ದು, ತೀರ್ಮಾನ ಆಗಲಿ." ಬೆಂಚಿನ ಮೇಲೆ ಇನ್ನಿಬ್ಬರು ಕಾಯುವವರಿದ್ದರು. ಅವರು ಖುಷಿಯಿಂದ ಕಾಲು ಮಡಿಚಿ ಕೂತರು. ಗಣಪಣ್ಣ ಎದ್ದು ನಿಂತು ಶಾಲು ಹೆಗಲಿಗೆ ಹಾಕಿದರು. ಅವರ ಮಾತು ಬದಲಾಯಿತು.

"ಎಲೌ ಹನಿಯೇ, ನಾಲಿಗೆಯ ಅಡಿಯಲ್ಲಿ ಅವಿತು ಕುಳಿತು, ನುಡಿಯನ್ನೇ ಸೆರೆಯಲ್ಲಿಟ್ಟು ಆಳುವ ನಿನ್ನದೂ ಒಂದು ಪ್ರಭುತ್ವವೇ? ನಾನಾದರೋ ಸೂಜಿ. ವಾರಕ್ಕೊಮ್ಮೆ ಹೆಬ್ಬಾಗಿಲಿನಿಂದಲೇ ಬರುತ್ತೇನೆ. ನೋವಾಗುತ್ತದೆಂದು ಮೊದಲೇ ಹೇಳಿ ಬರುತ್ತೇನೆ. ನಿನ್ನಂತೆ ಮುಂಜಾನೆ ಮುಂಜಾನೆ ಅಡುಗೆಮನೆಗೆ ನುಗ್ಗುವವನಲ್ಲ."

ಸುಶೀಲಕ್ಕ ಬಿಡುತ್ತಾರೆಯೇ? ಕೂತಲ್ಲಿಂದಲೇ, "ಎಲೈ ಸೂಜಿಯೇ, ನಿನ್ನನ್ನು ನಂಬಿದವರು ನಿನ್ನ ಬಳಿಗೆ ಬಸ್ಸು ಹತ್ತಿ ಬರಬೇಕು. ನಾನು ನಂಬಿದವರ ಫ್ರಿಜ್ಜಿನಲ್ಲೇ ವಾಸಿಸುವವಳು. ನಿನ್ನ ಪಕ್ಕ ಅರ್ಧ ಗಂಟೆ ಕಾವಲು ಬೇಕಲ್ಲ, ಕಾವಲು ಬೇಕಾದವನು ರಾಜನೋ, ಕೈದಿಯೋ?" ಎಂದರು. ಬೆಂಚಿನವರು ಹೋ ಎಂದರು. ಎಕ್ಸ್‌ಚೇಂಜು ಇಂಥ ಮಾತುಗಾರ್ತಿಯನ್ನು ಬರೀ ಹಲೋ ಹೇಳಿಸಿ ಹಾಳುಮಾಡಿತ್ತು.

ಅಷ್ಟರಲ್ಲಿ ಸುಶೀಲಕ್ಕನನ್ನು ಒಳಗೆ ಕರೆದರು. ಹೊಸ ಬಾಟಲಿಯ ಹನಿ ಇಟ್ಟುಕೊಂಡು, ತುಟಿ ಬಿಗಿಹಿಡಿದು ಹೊರಬಂದು ಕೂತರು. ಗಡಿಯಾರ ನೋಡಿದೆ. ಗಣಪಣ್ಣನದು ಹನ್ನೊಂದನೆಯ ನಿಮಿಷ. ಎದುರಾಳಿಯ ಬಾಯಿ ಮುಚ್ಚಿದ್ದು ಕಂಡು ಅವರು ಇನ್ನಷ್ಟು ಮೇಲೆ ಹೋದರು, ಕೈ ಬೀಸಿದರು, ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ. ಆಮೇಲೆ ಇದ್ದಕ್ಕಿದ್ದಂತೆ ಧ್ವನಿ ತಗ್ಗಿತು.

"ಸಭಿಕರೇ..." ಎಂದರು. ಸ್ವಲ್ಪ ಬಿಟ್ಟು, "ನನಗೆ..." ಎಂದರು. ಗಂಟಲು ಒರಟಾಗಿತ್ತು. ಒಂದು ಅಂಗೈಯನ್ನು ಇನ್ನೊಂದರಿಂದ ಉಜ್ಜುತ್ತಿದ್ದರು. ಮಾತು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಉಸಿರಷ್ಟೇ ಉಳಿಯಿತು.

ನಾನು ತಲೆದೂಗಿದೆ. ಸೂಜಿ ರಾಜ ಸೋಲುತ್ತಿದ್ದಾನೆ, ಎಂಥ ಸೋಲು, ಉಸಿರೇ ಮಾತಾಡುತ್ತಿದೆ ಎಂದುಕೊಂಡೆ. ಚಪ್ಪಾಳೆ ಹೊಡೆದೆ. ನನ್ನ ನೋಡಿ ಬೆಂಚಿನವರೂ ಹೊಡೆದರು. ಚಪ್ಪಾಳೆಗೆ ಫಿಲೋಮಿನಾ ಬಾಗಿಲಿಂದ ಇಣುಕಿ, "ಎಂತಾಯ್ತು ಭಟ್ರಿಗೆ?" ಎಂದರು. ನಾನು ಬಾಯಿಗೆ ಬೆರಳಿಟ್ಟು ಹೇಳಿದೆ, "ಇರ್ರಿ ಸಿಸ್ಟರ್. ಅರ್ಥ ಹೇಳಾಕತ್ತಾರ. ಕೆಡಸಬ್ಯಾಡ್ರಿ."

ಫಿಲೋಮಿನಾ ಒಳಗೆ ಹೋದರು. ನಾನೇ ಕಳಿಸಿದೆ.

ಪಕ್ಕದಲ್ಲಿ ಸುಶೀಲಕ್ಕ ಎದ್ದು ನಿಂತಿದ್ದರು. ಮೂಗಿನಿಂದ ಹೂಂ ಹೂಂ ಎನ್ನುತ್ತ, ಎರಡೂ ಕೈ ಎತ್ತಿ ಅಣ್ಣನ ಕಡೆ ತೋರಿಸುತ್ತಿದ್ದರು. ಅದನ್ನೂ ನಾನು ಅರ್ಥವೆಂದೇ ತಿಳಿದೆ. ಬಾಯಿ ಮುಚ್ಚಿದ ಹನಿ ರಾಣಿ ಅಭಿನಯದಿಂದಲೇ ಉತ್ತರ ಕೊಡುತ್ತಿದ್ದಾಳೆ, ಇದಕ್ಕಿಂತ ಚೆಂದ ಏನಿದೆ ಎಂದು ಅವರ ಕಡೆಗೂ ತಿರುಗಿ ಚಪ್ಪಾಳೆ ಹೊಡೆದೆ. ಸುಶೀಲಕ್ಕ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಗುಟುಕೆಂದು ನುಂಗಿದರು.

"ಸಿಸ್ಟರೇ, ಬನ್ನಿ. ಅದು ಅರ್ಥ ಅಲ್ಲ. ಅಣ್ಣಂಗೆ ಉಸಿರು ಇಲ್ಲೆ."

ಜೋರಾಗಿ ಕೂಗಲೂ ಇಲ್ಲ ಅವರು. ಎಕ್ಸ್‌ಚೇಂಜಿನಲ್ಲಿ ತುರ್ತು ಕರೆ ಜೋಡಿಸುವವರ ಧ್ವನಿ ಅದು. ಆಗ ನೋಡಿದೆ. ಗಣಪಣ್ಣನ ತುಟಿ ದಪ್ಪಗಾಗಿತ್ತು, ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದಿತ್ತು. ಕೈ ಬೀಸುತ್ತಿದ್ದದ್ದು ಸಭೆಗಲ್ಲ, ಗಾಳಿಗೆ. ಡಾಕ್ಟರು ಓಡಿ ಬಂದರು. ಗಣಪಣ್ಣನನ್ನು ಕೂರಿಸಿ, ಪಂಚೆಯ ಮೇಲಿಂದಲೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಫಿಲೋಮಿನಾ ಆಕ್ಸಿಜನ್ ಮುಖವಾಡ ಹಾಕಿದರು. ಅಲಾರಾಂ ಗಡಿಯಾರದ ಟಿಕ್ ಟಿಕ್ ಒಂದೇ. ನಾನು ಎರಡು ಅಂಗೈಗಳನ್ನು ಇನ್ನೂ ಚಪ್ಪಾಳೆಗೆ ಎತ್ತಿದಂತೆಯೇ ಹಿಡಿದಿದ್ದೆ. ಇಳಿಸಿದರೆ ಏನಾದರೂ ಆದೀತೆಂದು ಹೆದರಿಕೆ.

ಕೆಲವು ನಿಮಿಷಗಳಾದ ಮೇಲೆ ಅವರ ಎದೆ ಏರಿ ಇಳಿಯುವುದು ನಿಧಾನವಾಯಿತು. ಮುಖಕ್ಕೆ ಬಣ್ಣ ಬಂತು. ಅರ್ಧ ಗಂಟೆಗೆ ಸರಿಯಾಗಿ ಅಲಾರಾಂ ಹೊಡೆದುಕೊಂಡಾಗ ನಾವೆಲ್ಲ ಬೆಚ್ಚಿದೆವು, ಗಣಪಣ್ಣ ಮಾತ್ರ ಮುಖವಾಡದೊಳಗಿಂದ, "ಆತು, ಹೊರಡನ" ಎಂದರು. ಹೊರಡುವುದೇನೋ ಹೊರಟರು, ಆಂಬುಲೆನ್ಸಿನಲ್ಲಿ. ಒಂದು ದಿನ ಆಸ್ಪತ್ರೆಯಲ್ಲಿಟ್ಟು ನೋಡಿದರು.

ಆಸ್ಪತ್ರೆಯಲ್ಲಿ ನಿಜ ಹೊರಬಂತು. ಹಿಂದಿನ ಎರಡು ದಿನ ಅವರಿಗೆ ಉಬ್ಬಸವಿತ್ತು. ಹೇಳಿದರೆ ಆ ವಾರದ ಚುಚ್ಚುಮದ್ದು ಕೊಡುವುದಿಲ್ಲ. ನನ್ನ ಮತ ಬೀಳುವ ದಿನವೇ ಸೂಜಿ ಗೈರುಹಾಜರಾದರೆ ತಂಗಿಯ ಎದುರು ಮುಖವೆಲ್ಲಿ? ಅದಕ್ಕೇ ಬೆಳಿಗ್ಗೆ ಎರಡು ಸಲ ಔಷಧಿ ಸೇದಿ, ಆರಾಮು ಎಂದಿದ್ದರು. "ಚುಚ್ಚುಮದ್ದಿನ ತಪ್ಪಲ್ಲ," ಎಂದರು ಡಾಕ್ಟರು. "ನಿಯಮ ಪಾಲಿಸಿ ಮೂರು ವರ್ಷ ಮುಗಿಸಿದ ಯಲ್ಲಾಪುರದ ಡ್ರೈವರ್ ಒಬ್ಬರಿದ್ದಾರೆ, ಈಗ ಹುಲ್ಲಿನ ಲೋಡೇ ಹೊಡೀತಾರೆ. ನೀವು ಸುಳ್ಳು ಹೇಳಿ ಕುಣಿದರೆ ಸೂಜಿ ಏನು ಮಾಡುತ್ತೆ?"

ಸುಶೀಲಕ್ಕ ಮಂಚದ ಪಕ್ಕ ಕೂತಿದ್ದರು. ಒಂದೇ ಒಂದು ಪ್ರಶ್ನೆ ಕೇಳಿದರು, ಡಾಕ್ಟರಿಗೆ. ಹನಿಯನ್ನು ಐವತ್ತು ಸೆಕೆಂಡು ಮೊದಲೇ ನುಂಗಿಬಿಟ್ಟೆ, ಅದನ್ನು ನಾಳೆ ಸೇರಿಸಬೇಕೋ? ಬೇಡ ಎಂದರು ಡಾಕ್ಟರು. ಸುಶೀಲಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನು ಒರೆಸಿ ಮುಗಿಯಲೇ ಇಲ್ಲ.

ಗಣಪಣ್ಣ ನನ್ನನ್ನು ಹತ್ತಿರ ಕರೆದರು. "ಅಕ್ಕೋರೆ, ಎಂತಕ್ಕೆ ಚಪ್ಪಾಳೆ ಹೊಡೆದ್ರಿ ಮಾರಾಯ್ರೆ? ನಾನು ಅಲ್ಲಿ ಉಸಿರಿಗೆ ಒದ್ದಾಡ್ತಾ ಇದ್ದೆ, ನೀವು ಭೇಷ್ ಹೇಳ್ತಾ ಇದ್ರಿ. ಒಂದು ಗಳಿಗೆ ನಂಗೂ ಅನ್ಸಿತು, ಎಷ್ಟು ಚೊಲೋ ಆಗ್ತಾ ಇದ್ದು ಅಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಹೊಳೆಯಿತು. ನಾನು ಬೀಳಗಿಯಿಂದ ನೇರವಾಗಿ ಬಂದಿಳಿದವಳಾಗಿದ್ದರೆ, ಧ್ವನಿ ತಗ್ಗಿದೊಡನೆ "ಯಾಕ್ರೀ ಕಾಕಾ, ನೀರ ಕೊಡ್ಲೇನು?" ಎಂದು ಎದ್ದಿರುತ್ತಿದ್ದೆ. ನಾಲ್ಕು ತಾಳಮದ್ದಲೆ ನೋಡಿದ್ದೇ ಎಡವಟ್ಟಾಯಿತು. ಈ ಊರು ನನಗೆ ಎಷ್ಟು ತಿಳಿದಿತ್ತೆಂದರೆ ಒಬ್ಬ ಮನುಷ್ಯ ಸಾಯುತ್ತಿರುವುದು ಕಾಣದಷ್ಟು ತಿಳಿದಿತ್ತು, ಅದು ನಟನೆಯೋ ನಿಜವೋ ಎಂದು ಗುರುತಿಸುವಷ್ಟು ತಿಳಿದಿರಲಿಲ್ಲ. ಸುಶೀಲಕ್ಕನಿಗೆ ಗೊತ್ತಾಗಿತ್ತು. ಅಣ್ಣ ಅರ್ಥ ಹೇಳುವಾಗ ಅಂಗೈ ಉಜ್ಜುವುದಿಲ್ಲ ಎಂಬುದು ಅರವತ್ತು ವರ್ಷ ನೋಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ.

ಚಪ್ಪಾಳೆ ಹೊಡೆದ ಆ ಹನ್ನೆರಡನೆಯ ನಿಮಿಷ ಈಗಲೂ ನನ್ನನ್ನು ಬಿಡುವುದಿಲ್ಲ. ಬಸ್ಸಿನಲ್ಲಿ ಯಾರ ಧ್ವನಿಯಾದರೂ ಒರಟಾದರೆ ಅವರ ಅಂಗೈ ನೋಡುತ್ತೇನೆ. ಸಿದ್ದಾಪುರದಲ್ಲಿ ಒಬ್ಬ ಗಿರಾಕಿ ಕೈ ಉಜ್ಜಿಕೊಂಡದ್ದಕ್ಕೆ ಕಣ್ಣಿನ ಪರೀಕ್ಷೆ ನಿಲ್ಲಿಸಿ ಬಾಯಿ ತೆರೆಸಿ ನೋಡಿದೆ. ಅವರಿಗೆ ಚಳಿಯಾಗಿತ್ತಷ್ಟೆ. ಕನ್ನಡಕದವರು ಹಲ್ಲನ್ನೂ ನೋಡುತ್ತಾರೆಂದು ಈಗ ಅಲ್ಲಿ ಸುದ್ದಿ.

ಡಾಕ್ಟರ ಗೋಡೆಯ ಮೇಲೆ ಫಿಲೋಮಿನಾ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ: "ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಕೂರುವುದು ಕಡ್ಡಾಯ. ಅರ್ಥ ಹೇಳಬಾರದು." ಗಣಪಣ್ಣನಿಗೆ ಸೂಜಿ ನಿಲ್ಲಿಸಿದರು. ಉಬ್ಬಸ ಪೂರ್ತಿ ಹತೋಟಿಗೆ ಬಂದ ಮೇಲೆ ಹನಿ ಎಂದರು. ತಂಗಿ ಗೆದ್ದಂತಾಯಿತು, ಆದರೆ ಸುಶೀಲಕ್ಕ ಒಂದು ವಾರವಾದರೂ ಹಂಗಿಸಲಿಲ್ಲ. "ಎಂತಾದ್ರೂ ಅನ್ನೇ ಮಾರಾಯ್ತಿ, ಹೆದರಿಕೆ ಆಗ್ತು" ಎಂದು ಅಣ್ಣನೇ ಫೋನ್ ಮಾಡಿ ಬೇಡಿಕೊಂಡರು.

ನಾನೂ ಹನಿಯನ್ನೇ ಆರಿಸಿದೆ. ವಾದದಲ್ಲಿ ಯಾರು ಗೆದ್ದರೆಂದು ಅಲ್ಲ, ಆ ಬೆಂಚಿನ ಮೇಲೆ ಕೂರುವ ಧೈರ್ಯ ಇರಲಿಲ್ಲ. ಎರಡು ತಿಂಗಳ ನಂತರ ಅವ್ವನನ್ನು ನೋಡಲು ಬೀಳಗಿಗೆ ಹೊರಟಾಗ ಬಾಟಲಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಒಯ್ದೆ. ನಮ್ಮೂರಿನಲ್ಲಿ ನನಗೆ ಸೀನೇ ಇಲ್ಲ. ಔಷಧಿ ಬೇಡದ ಊರಿನಲ್ಲಿ, ಬೇಕಾದ ಊರಿಗಾಗಿ ದಿನಾ ಬೆಳಿಗ್ಗೆ ಶಿರಸಿಯ ಹುಲ್ಲನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡೆ. ಮೊದಲ ದಿನವೇ ಅವ್ವ ಹೊರಗಿನಿಂದ ಬಂದು, "ನೀಲಾ, ಚಾ ಕುಡೀತಿಯೇನ?" ಎಂದಳು. ನಾನು ತುಟಿ ಬಿಗಿಹಿಡಿದು ಎರಡು ಬೆರಳು ತೋರಿಸಿದೆ. ಅವ್ವ ಎರಡು ಕಪ್ ಚಹಾ ತಂದಿಟ್ಟಳು. ಮೂರನೆಯ ದಿನ ಪಕ್ಕದ ಮನೆಯವರ ಮುಂದೆ ಅವಳು ಹೇಳುತ್ತಿದ್ದುದು ಕೇಳಿಸಿತು. "ಅಲ್ಲಿ ಹೋಗಿ ಮುಂಜಾನಿ ಮಾತು ಬಿಟ್ಟಾಳ ನೋಡ್ರಿ. ಏನ ಮಂತ್ರ ಹಿಡದಾಳೋ."

ಬೀಳಗಿಯಲ್ಲಿದ್ದ ಆ ವಾರ, ಬುಧವಾರ ಊಟಕ್ಕೆ ಕೂತಿದ್ದೆ. ಬಿಸಿ ರೊಟ್ಟಿ, ಎಣ್ಣೆಗಾಯಿ. ಹನ್ನೊಂದೂವರೆಗೆಲ್ಲ ಊಟ ಮುಗಿಸುವ ಮನೆ ನಮ್ಮದು. ಫೋನ್ ಬಂತು.

"ಅಕ್ಕೋರೆ, ನಾನು ಗಣಪಣ್ಣ. ಡಾಕ್ಟರ ಬೆಂಚಿನ ಮೇಲಿಂದ್ಲೇ ಫೋನ್ ಮಾಡಿದ್ದು. ಇವತ್ತು ಮೊದಲನೇ ಹನಿ ಆತು. ಅರ್ಧ ಗಂಟೆ ಕೂರಬೇಕಡ. ನನ್ನ ಧ್ವನಿ ಹೆಂಗಿದ್ದು ಹೇಳಿ."

"ನಾನ್ಯಾಕ್ರೀ? ಸುಶೀಲಕ್ಕಾರು ಬಾಜೂಕ ಇದ್ದಾರಲ್ಲ."

"ತಂಗಿಗೆ ನನ್ನ ಕಂಡ್ರೇ ಹೆದರಿಕೆ ಆಗ್ತು. ನೀವು ಒಂದು ಸಲ ತಪ್ಪಿದವರು. ತಪ್ಪಿದವರು ಎರಡನೇ ಸಲ ಸರಿಯಾಗಿ ಕೇಳ್ತ್ರಿ."

ನಾನು ಎದ್ದು ಹೋಗಿ ಅಂಗಳದ ಕಟ್ಟೆಯ ಮೇಲೆ ಕೂತೆ. ಅವರು ಮಾತಾಡಿದರು, ನಾನು ಕೇಳಿದೆ. ಏನು ಹೇಳಿದರೆಂಬುದಲ್ಲ, ಹೇಗೆ ಹೇಳಿದರೆಂಬುದು. ಅಂಗೈ ತುರಿಸುತ್ತಿದೆಯೇ ಎಂದೆ, ಇಲ್ಲೆ ಎಂದರು. ತುಟಿ? ಇಲ್ಲೆ. ನಾಲಿಗೆ ಕೆಳಗೆ ಸ್ವಲ್ಪ ನವೆ, ಅದು ಇರುವುದೇ ಎಂದು ಡಾಕ್ಟರು ಹೇಳಿದ್ದಾರಂತೆ. ಹನ್ನೆರಡನೆಯ ನಿಮಿಷ ಬಂದಾಗ ಇಬ್ಬರೂ ಸುಮ್ಮನಾದೆವು. ಲಾರಿಯೊಂದು ಹೋಗಿ ಎದುರುಮನೆ ಧೂಳಿನಲ್ಲಿ ಮುಚ್ಚಿ, ಮತ್ತೆ ಮೂಡಿತು. ಆ ಕಡೆಯಿಂದ ಉಸಿರು ಕೇಳುತ್ತಿತ್ತು, ಸಲೀಸಾಗಿ, ಒಂದರ ಹಿಂದೊಂದು. ಇಷ್ಟು ಒಳ್ಳೆಯ ಅರ್ಥವನ್ನು ಅವರು ಹಿಂದೆ ಹೇಳಿದ್ದು ನನಗೆ ನೆನಪಿಲ್ಲ. ಈ ಸಲ ನಾನು ಚಪ್ಪಾಳೆ ಹೊಡೆಯಲಿಲ್ಲ.

ಅಲ್ಲಿ ಅಲಾರಾಂ ಹೊಡೆಯಿತು. ಸುಶೀಲಕ್ಕ ಫೋನ್ ಕಸಿದುಕೊಂಡರು. ಅದೇ ಹೊತ್ತಿಗೆ ಅವ್ವ ಆರಿದ ರೊಟ್ಟಿಯ ತಾಟು ಹಿಡಿದು ಬಾಗಿಲಿಗೆ ಬಂದಳು.

"ಅಕ್ಕೋರೆ, ಯಾವಾಗ ಬತ್ರಿ?" ಎಂದರು ಇವರು ಕಿವಿಯಲ್ಲಿ.

"ಯಾವಾಗ ಹೋಗ್ತೀಯವಾ?" ಎಂದಳು ಅವಳು ಬಾಗಿಲಲ್ಲಿ.

"ರವಿವಾರ," ಎಂದೆ, ಇಬ್ಬರಿಗೂ.